ಗಾಣವೋ ಪ್ಯಾಕೆಟ್ಟೋ, ಮುದ್ದೆಯೋ ಮಾಲ್ಟೋ: ಸತ್ವ ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರಿಹೋಗುತ್ತದೆ

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಗಲ್ಲಾದ ಎಡಕ್ಕೆ ಗಾಣದ ಶೇಂಗಾ ಎಣ್ಣೆಯ ಡಬ್ಬ, ಬಲಕ್ಕೆ ಪ್ಯಾಕೆಟ್ ಎಣ್ಣೆಯ ಟ್ರೇ. ನಡುವೆ ನಾನು. ದಿನಕ್ಕೆ ನಾಲ್ಕು ಜನವಾದರೂ ಅಲ್ಲಿ ನಿಂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ.

ಹೋದ ವಾರ ರಿಟೈರ್ ಆದ ಟೀಚರಮ್ಮ ಒಬ್ಬರು ಬಂದಿದ್ದರು. ಕೈಚೀಲ ಗಲ್ಲಾದ ಮೇಲಿಟ್ಟು ಹೇಳಿದರು: "ತಂಗೀ, ಮಗ ಗಾಣದ್ದೇ ತಗೋ ಅಂತಾನೆ. ಸೊಸೆ ರಾಗಿ ಮಾಲ್ಟ್ ತಗೋ ಅಂತಾಳೆ. ಡಾಕ್ಟ್ರು ಶುಗರ್ ಇದೆ, ನೋಡ್ಕೊಂಡು ತಿನ್ರಿ ಅಂತಾರೆ. ನನ್ ಪೆನ್ಶನ್ ಒಂದೇ ಬಾಯಿ ಮುಚ್ಕೊಂಡಿರೋದು. ನೀನೇ ಹೇಳು, ಯಾವ್ದು ತಗೊಳ್ಳಿ?"

ಅವರಿಗೆ ಅಂಗಡಿಯಲ್ಲಿ ನಿಂತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಾನು ಎರಡನ್ನೂ ಮಾರುವವಳು. ಹಾಗಾಗಿ ಯಾವ ಕಡೆಗೂ ವಾಲುವ ಗರಜು ನನಗಿಲ್ಲ.

ಮೊದಲು, ಈ "ಸತ್ವ" ಅಂದರೇನು? ಗಿಡಕ್ಕೆ ಓಡಿಹೋಗಲು ಕಾಲಿಲ್ಲ. ಬಿಸಿಲು, ಹುಳ, ಬೂಷ್ಟು ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕೆಲವು ವಸ್ತುಗಳನ್ನು ಮಾಡಿಕೊಳ್ಳುತ್ತದೆ. ಪಾಲಿಫಿನಾಲ್, ಕ್ಯಾರೊಟಿನ್ ಅಂತೆಲ್ಲ ಹೆಸರು. ಹೆಸರು ಬೇಡ, ಗುರುತು ಹೇಳುತ್ತೇನೆ. ಬಣ್ಣ, ಒಗರು, ಕಹಿ, ಘಾಟು. ರಾಗಿಯ ಕೆಂಪು, ಶೇಂಗಾ ಸಿಪ್ಪೆಯ ಒಗರು, ಅರಿಶಿನದ ಹಳದಿ, ಬೆಳ್ಳುಳ್ಳಿಯ ಘಾಟು, ಮೆಂತ್ಯದ ಕಹಿ. ಕಾವಲಿಗೆ ಇರುವ ಸಾಮಾನು ಅಲ್ವಾ, ಅದಕ್ಕೇ ಹೆಚ್ಚಿನದು ಸಿಪ್ಪೆಯಲ್ಲೇ ಇರುತ್ತದೆ. ಇವು ಔಷಧಿ ಅಲ್ಲ. ಶುಗರ್ ಮಾತ್ರೆ ಬಿಟ್ಟು ರಾಗಿ ಅಂಬಲಿ ಕುಡಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಅಳೆಯುವ ಮೊದಲು ಅಳತೆಗೋಲು

ಯಾವುದೇ ಸಾಮಾನು ಕೈಗೆತ್ತಿಕೊಂಡರೂ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಇವು.

ಇದನ್ನು ಮಾಡುವಾಗ ಏನನ್ನು ಎಸೆದರು? ಸಿಪ್ಪೆಯೋ, ಬೇಯಿಸಿದ ನೀರೋ, ಹಿಂಡಿಯೋ? ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬೆಂಕಿಗಿಂತ ಜಾಸ್ತಿ ಸತ್ವ ಮೊರದಿಂದ, ಜರಡಿಯಿಂದ, ಬಚ್ಚಲ ತೂತಿನಿಂದ ಹೋಗುತ್ತದೆ.

ಎಷ್ಟು ಬಿಸಿ, ಎಷ್ಟು ಹೊತ್ತು? ವಿಟಮಿನ್ ಸಿ ಬಿಸಿಗೆ ಬೇಗ ಹೋಗುತ್ತದೆ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಅನ್ನುವ ಸತ್ವ ತಡೆದುಕೊಳ್ಳುತ್ತದೆ. ಟೊಮೆಟೊದ ಕೆಂಪಿಗೆ ಬಿಸಿಯಿಂದ ಲಾಭವೇ.

ಮೈಗೆ ಹತ್ತುತ್ತದೆಯಾ? ಆಹಾರದಲ್ಲಿ ಇರುವುದು ಬೇರೆ, ದೇಹ ಎಳೆದುಕೊಳ್ಳುವುದು ಬೇರೆ. ಕೆಲವಕ್ಕೆ ಎಣ್ಣೆ ಬೇಕು, ಕೆಲವನ್ನು ಜಜ್ಜಬೇಕು, ಕೆಲವನ್ನು ಮೊಳಕೆ ಬರಿಸಬೇಕು.

ಜೊತೆಗೆ ಏನು ಸೇರಿತು, ಯಾವ ಕೆಟ್ಟದ್ದು ಹೋಯಿತು? ಸಕ್ಕರೆ ಸೇರಿರಬಹುದು. ವಿಷ ಹೋಗಿರಲೂಬಹುದು. ಈ ಎರಡನೆಯದನ್ನು ಜನ ಮರೆಯುತ್ತಾರೆ.

ಕೊನೆಗೆ, ದುಡ್ಡು ಮತ್ತು ಪುರುಸೊತ್ತು. ದಿನಾ ಮಾಡಲಾಗದ ಒಳ್ಳೆಯ ಅಡುಗೆಗಿಂತ ದಿನಾ ಮಾಡುವ ಸಾಧಾರಣ ಅಡುಗೆ ಮೇಲು. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಜಗಳವಿಲ್ಲ.

ಎಣ್ಣೆ: ಗಾಣದ್ದೋ, ರಿಫೈನ್ಡೋ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ಸುತ್ತ ಮಳೆ ನಂಬಿದ ಶೇಂಗಾ ಹೊಲ, ಊರೊಳಗೆ ಎಣ್ಣೆ ಗಿರಣಿ. ಈ ಸೀಮೆಯವರಿಗೆ ಶೇಂಗಾ ಎಣ್ಣೆಯ ಪರಿಮಳ ಹೊಸದಲ್ಲ. ಈಗ ಊರಿಗೆರಡು ಮರದ ಗಾಣ ಮತ್ತೆ ಶುರುವಾಗಿವೆ.

ಗಾಣದಲ್ಲಿ ನಡೆಯುವುದು ಇಷ್ಟೇ: ಬೀಜ ಹಾಕುತ್ತಾರೆ, ಒನಕೆಯಂಥ ಮರ ನಿಧಾನ ತಿರುಗುತ್ತದೆ, ಎಣ್ಣೆ ಇಳಿಯುತ್ತದೆ, ಹಿಂಡಿ ಉಳಿಯುತ್ತದೆ. ಹೆಚ್ಚು ಬಿಸಿಯಾಗುವುದಿಲ್ಲ. ವಾಸನೆ, ಬಣ್ಣ, ವಿಟಮಿನ್ ಇ, ಸ್ಟೆರಾಲ್ ಅನ್ನುವ ಸಸ್ಯದ ಕೊಬ್ಬು ಹಾಗೇ ಉಳಿಯುತ್ತವೆ.

ಪ್ಯಾಕೆಟ್ ಎಣ್ಣೆ ಅಂದರೆ ರಿಫೈನ್ ಮಾಡಿದ್ದು. ರಿಫೈನ್ ಮಾಡುವಲ್ಲಿ ಎಣ್ಣೆಯ ಅಂಟು ತೆಗೆಯುತ್ತಾರೆ, ಕ್ಷಾರ ಹಾಕಿ ಹುಳಿ ತೆಗೆಯುತ್ತಾರೆ, ಒಂದು ಬಗೆಯ ಮಣ್ಣಿನಲ್ಲಿ ಸೋಸಿ ಬಣ್ಣ ತೆಗೆಯುತ್ತಾರೆ. ಕೊನೆಗೆ 200 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಈ ದಾರಿಯಲ್ಲಿ ವಿಟಮಿನ್ ಇ, ಸ್ಟೆರಾಲ್ ಒಂದು ಪಾಲು ಹೋಗುತ್ತವೆ. ಪಾಲಿಫಿನಾಲ್ ಹೆಚ್ಚುಕಡಿಮೆ ಉಳಿಯುವುದೇ ಇಲ್ಲ.

ಇಲ್ಲಿಗೆ ಗಾಣ ಗೆದ್ದಿತು ಅಂತ ಎದ್ದು ಹೋಗಬೇಡಿ. ಇನ್ನೂ ಮೂರು ಮಾತಿವೆ.

ಶೇಂಗಾದ ಪಾಲಿಫಿನಾಲ್ ಎಣ್ಣೆಯಲ್ಲಿ ಕರಗುವ ಪೈಕಿ ಅಲ್ಲ. ಅದರ ಬಹುಪಾಲು ಕೆಂಪು ಸಿಪ್ಪೆಯಲ್ಲಿ, ಹಿಂಡಿಯಲ್ಲಿ ಉಳಿಯುತ್ತದೆ. ಗಾಣದಿಂದ ಎಣ್ಣೆ ಮನೆಗೆ ಬರುತ್ತದೆ, ಹಿಂಡಿ ಎಮ್ಮೆಗೆ ಹೋಗುತ್ತದೆ. ಅಂದರೆ ಆ ವಿಷಯದಲ್ಲಿ ಎಮ್ಮೆಯೇ ಜಾಣೆ. ವಿಟಮಿನ್ ಇ ಲೆಕ್ಕಕ್ಕೆ ಬಂದರೆ, 100 ಗ್ರಾಂ ಶೇಂಗಾ ಎಣ್ಣೆಯಲ್ಲಿ ಸುಮಾರು 16 ಮಿಲಿಗ್ರಾಂ ಇದ್ದರೆ ಸೂರ್ಯಕಾಂತಿ ಎಣ್ಣೆಯಲ್ಲಿ ಸುಮಾರು 40. ರಿಫೈನ್ ಆದ ಮೇಲೂ ಸೂರ್ಯಕಾಂತಿಯೇ ಮುಂದೆ. ಪ್ಯಾಕೆಟ್ ಮೇಲೆ ಎಫ್ ಅಕ್ಷರದ ಪಕ್ಕ ಕೂಡು ಗುರುತಿದ್ದರೆ ಅದಕ್ಕೆ ವಿಟಮಿನ್ ಎ ಮತ್ತು ಡಿ ಬೇರೆ ಸೇರಿಸಿರುತ್ತಾರೆ.

ಎರಡನೆಯದು ಬಾಣಲೆ. ರಿಫೈನ್ ಮಾಡದ ಶೇಂಗಾ ಎಣ್ಣೆ 160 ಡಿಗ್ರಿ ಆಸುಪಾಸಿನಲ್ಲೇ ಹೊಗೆಯಾಡಲು ಶುರು ಮಾಡುತ್ತದೆ. ರಿಫೈನ್ಡ್ ಶೇಂಗಾ ಎಣ್ಣೆ 230ರ ತನಕ ತಡೆಯುತ್ತದೆ. ನಮ್ಮೂರಿನ ಮಂಡಕ್ಕಿ ಜೊತೆಯ ಮೆಣಸಿನಕಾಯಿ ಬಜ್ಜಿ ಕರಿಯಲು 170ರಿಂದ 190 ಡಿಗ್ರಿ ಬೇಕು. ಅಷ್ಟು ದುಡ್ಡು ಕೊಟ್ಟು ಗಾಣದ ಎಣ್ಣೆ ತಂದು, ಅದರಲ್ಲಿ ಮೆಣಸಿನಕಾಯಿ ಕರಿದರೆ, ಯಾವುದಕ್ಕೆ ದುಡ್ಡು ಕೊಟ್ಟಿರೋ ಅದನ್ನೇ ಸುಟ್ಟ ಹಾಗೆ.

ಮೂರನೆಯದು ಸ್ವಲ್ಪ ಹೆದರಿಸುವ ಮಾತು. ಶೇಂಗಾ ಸರಿಯಾಗಿ ಒಣಗದಿದ್ದರೆ, ಅಥವಾ ಕಾಯಿ ಬಲಿಯುವ ಹೊತ್ತಿಗೆ ಹೊಲ ಬರ ಕಂಡರೆ, ಅದಕ್ಕೊಂದು ಬೂಷ್ಟು ಹಿಡಿಯುತ್ತದೆ. ಅದು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ಲಿವರ್‌ಗೆ ಬಹಳ ಕೆಟ್ಟದ್ದು, ಕ್ಯಾನ್ಸರ್ ತರುವಂಥದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ರಿಫೈನ್ ಮಾಡುವಾಗ ಆ ಕ್ಷಾರ, ಆ ಮಣ್ಣು ಇದನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಬಿಡುತ್ತವೆ. ಗಾಣದಲ್ಲಿ ಅಂಥ ಮಣ್ಣೂ ಇಲ್ಲ, ಕ್ಷಾರವೂ ಇಲ್ಲ. ಬೀಜ ಹೇಗೋ ಎಣ್ಣೆ ಹಾಗೆ.

ಇದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಕೆಲವು ವರ್ಷದ ಹಿಂದೆ ಒಂದು ಗಾಣದಿಂದ ಕಡಿಮೆ ರೇಟಿಗೆ ಸಿಕ್ಕಿತು ಅಂತ ಎರಡು ಡಬ್ಬ ಎಣ್ಣೆ ತಂದೆ. ಮುಚ್ಚಳ ತೆಗೆದಾಗಲೇ ಏನೋ ಮುಗ್ಗಲು ವಾಸನೆ. "ಗಾಣದ್ದು ಹಿಂಗೇ ಇರ್ತದಕ್ಕಾ" ಅಂದಿದ್ದ ಕೊಟ್ಟವನು. ನಂಬಿದೆ. ಎರಡೇ ದಿನದಲ್ಲಿ ಮೂರು ಗಿರಾಕಿಗಳು ಬಾಟಲಿ ವಾಪಸು ತಂದಿಟ್ಟರು. ಎರಡೂ ಡಬ್ಬ ಕೊನೆಗೆ ದೀಪಕ್ಕೆ ಹೋದವು.

ಅದಾದ ಮೇಲೆ ನಾನೇ ಗಾಣಕ್ಕೆ ಹೋಗಿ ಬೀಜ ನೋಡದೆ ಎಣ್ಣೆ ತರುವುದಿಲ್ಲ. ಈಗ ತರುವ ಕಡೆ ಇಬ್ಬರು ಹೆಂಗಸರು ಮೊರ ಹಿಡಿದು ಕೂತಿರುತ್ತಾರೆ. ಬೀಜವನ್ನು ಮೊರದಲ್ಲಿ ಹರವಿ, ಅಂಗೈಯಿಂದ ಸವರಿಕೊಂಡು ಹೋಗುತ್ತಾರೆ. ಸುಕ್ಕಾದದ್ದು, ಕಪ್ಪಾದದ್ದು, ಹಸಿರು ಪುಡಿ ಹಿಡಿದದ್ದು ಬೆರಳ ತುದಿಗೆ ಸಿಕ್ಕ ಕೂಡಲೇ ಪಕ್ಕದ ಡಬ್ಬಕ್ಕೆ. ಕಣ್ಣು ಮಾತಿನ ಕಡೆ ಇದ್ದರೂ ಕೈ ತಪ್ಪುವುದಿಲ್ಲ. ಒಂದು ಬೀಜ ಎತ್ತಿ ನನಗೆ ತೋರಿಸಿದರು. ಹೊರಗೆ ಚೆಂದ. ಎರಡು ಹೋಳು ಮಾಡಿದರೆ ಒಳಗೆ ಬೂದಿ ಬಣ್ಣ. ಆ ಮೊರದ ಕೂಲಿಯೇ ಎಣ್ಣೆಯ ರೇಟಿನಲ್ಲಿ ಸೇರಿರುತ್ತದೆ.

ರೇಟಿನ ಮಾತು ಬಂತಲ್ಲ, ಒಂದು ಅಂಗಡಿ ಲೆಕ್ಕ ಹೇಳಿಕೊಡುತ್ತೇನೆ. ಶೇಂಗಾ ಬೀಜದಲ್ಲಿ ನೂರಕ್ಕೆ 45ರಿಂದ 50 ಭಾಗ ಎಣ್ಣೆ ಇರುತ್ತದೆ. ಗಾಣದಲ್ಲಿ ಅಷ್ಟೂ ಇಳಿಯುವುದಿಲ್ಲ. 1 ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಇವತ್ತಿನ ಬೀಜದ ದರವನ್ನು ಎರಡೂವರೆಯಿಂದ ಗುಣಿಸಿ, ಹಿಂಡಿ ಮಾರಿದ ದುಡ್ಡು ಕಳೆಯಿರಿ. ಅದಕ್ಕಿಂತ ಕಡಿಮೆಗೆ ಯಾರಾದರೂ "ಪಕ್ಕಾ ಗಾಣದ್ದು" ಕೊಟ್ಟರೆ, ಒಂದೋ ಬೀಜ ಕಳಪೆ, ಇಲ್ಲವೇ ಬೇರೆ ಎಣ್ಣೆ ಬೆರೆತಿದೆ.

ಹಾಗಾದರೆ? ಒಗ್ಗರಣೆಗೆ, ಚಟ್ನಿಪುಡಿಗೆ ಕಲಸಿಕೊಳ್ಳಲು, ರೊಟ್ಟಿಗೆ ಹಚ್ಚಲು ಗಾಣದ್ದು. ಕರಿಯಲು ರಿಫೈನ್ಡ್. ಎರಡಕ್ಕೂ ದುಡ್ಡು ಸಾಲದಿದ್ದರೆ ಪ್ಯಾಕೆಟ್ ಎಣ್ಣೆಯನ್ನೇ ತಗೊಂಡು, ಉಳಿದ ದುಡ್ಡಿಗೆ ಸಿಪ್ಪೆ ಸಹಿತ ಶೇಂಗಾ ಬೀಜ ತಗೊಳ್ಳಿ. ಸತ್ವದ ಲೆಕ್ಕದಲ್ಲಿ ನಾನು ಕಣ್ಣು ಮುಚ್ಚಿ ಹೇಳುವ ಉತ್ತರ ಇದು. ಗಾಣದ ಎಣ್ಣೆ ತಗೊಂಡರೆ ತಿಂಗಳಿಗೆ ಸಾಕಾಗುವಷ್ಟೇ ತಗೊಳ್ಳಿ, ಸ್ಟೀಲ್ ಡಬ್ಬದಲ್ಲಿ ಕತ್ತಲಲ್ಲಿ ಇಡಿ. ಕಿಟಕಿ ಪಕ್ಕದ ಬಿಳಿ ಬಾಟಲಿಯಲ್ಲಿ ಅದು ಬೇಗ ಕಮಟು ಹಿಡಿಯುತ್ತದೆ.

ಶೇಂಗಾ ಹೇಗೆ ತಿನ್ನುವುದು ಅನ್ನುವುದೂ ಒಂದು ಪ್ರಶ್ನೆಯೇ. ಹಸಿ ಕಾಯಿಯನ್ನು ಸಿಪ್ಪೆ ಸಹಿತ ಉಪ್ಪುನೀರಲ್ಲಿ ಕುದಿಸಿ ತಿನ್ನುತ್ತೇವಲ್ಲ, ಅದನ್ನು ಅಮೆರಿಕದ ಅಲಬಾಮಾದಲ್ಲಿ ಪರೀಕ್ಷೆ ಮಾಡಿದ್ದಾರೆ. 2007ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಕುದಿಸಿದ ಶೇಂಗಾದಲ್ಲಿ ಐಸೊಫ್ಲಾವೋನ್ ಅನ್ನುವ ಕೆಲವು ವಸ್ತುಗಳು ಹಸಿ ಬೀಜಕ್ಕಿಂತ ನಾಲ್ಕು ಪಟ್ಟಿನ ತನಕ ಹೆಚ್ಚಿದ್ದವು. ಹೊರಗಿನ ಸಿಪ್ಪೆಯಿಂದ ನೀರಿಗಿಳಿದು, ನೀರಿನಿಂದ ಬೀಜಕ್ಕೆ ಹೋಗುತ್ತದೆ. ಹುರಿದದ್ದೂ ಕೆಟ್ಟದ್ದಲ್ಲ. ಆದರೆ ಹುರಿದ ಮೇಲೆ ಉಜ್ಜಿ, ಉಫ್ ಅಂತ ಊದಿ ಕೆಂಪು ಸಿಪ್ಪೆ ಹಾರಿಸುತ್ತೇವಲ್ಲ, ಆ ಉಸಿರಲ್ಲೇ ಸತ್ವ ಹೋಗುವುದು. ಚಟ್ನಿಪುಡಿಗೆ ಸಿಪ್ಪೆ ಬಿಟ್ಟೇ ಕುಟ್ಟಿ ನೋಡಿ. ಬಣ್ಣ ಸ್ವಲ್ಪ ಮಂಕಾಗುತ್ತದೆ, ರುಚಿ ಬದಲಾಗುವುದಿಲ್ಲ.

ರಾಗಿ: ಹಿಟ್ಟು, ಮಾಲ್ಟ್, ಅಂಬಲಿ, ಬಿಸ್ಕತ್ತು

ನಮ್ಮ ಊರು ರೊಟ್ಟಿಯ ಸೀಮೆಗೂ ಮುದ್ದೆಯ ಸೀಮೆಗೂ ನಡುವೆ ಇದೆ. ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ರೊಟ್ಟಿ, ರಾತ್ರಿ ಮುದ್ದೆ ತಿನ್ನುವವರೂ ಇದ್ದಾರೆ. ರಾಗಿ ಮಾತ್ರ ಈಚೆಗೆ ಎಲ್ಲರಿಗೂ ಬೇಕು, ಮುಖ್ಯವಾಗಿ ಶುಗರ್ ಇದ್ದವರಿಗೆ.

ರಾಗಿಯ ಕಾಳು ಎಷ್ಟು ಚಿಕ್ಕದು ಅಂದರೆ ಅಕ್ಕಿಯ ಹಾಗೆ ಸುಲಭವಾಗಿ ಪಾಲಿಶ್ ಮಾಡಲು ಬರುವುದಿಲ್ಲ. ಗಿರಣಿಯಲ್ಲಿ ಸಿಪ್ಪೆ ಸಮೇತ ಹಿಟ್ಟಾಗುತ್ತದೆ. ಇದು ನಮ್ಮ ಪುಣ್ಯ. ಯಾಕೆಂದರೆ ಕೆಂಪು ಬಣ್ಣ, ಒಗರು, ನಾರು, ಪಾಲಿಫಿನಾಲ್ ಎಲ್ಲ ಆ ಸಿಪ್ಪೆಯಲ್ಲೇ ಇವೆ. ಪಿಷ್ಟ ಗಡಿಬಿಡಿಯಲ್ಲಿ ಸಕ್ಕರೆಯಾಗದಂತೆ ತಡೆಯುವುದರಲ್ಲಿ ಇವುಗಳ ಕೈವಾಡವಿದೆ. ಆದರೆ ಮನೆಗೆ ತಂದ ಮೇಲೆ ನಾವೇನು ಮಾಡುತ್ತೇವೆ? ಮುದ್ದೆ ನುಣ್ಣಗೆ ಬರಲಿ ಅಂತ ಸಣ್ಣ ಕಣ್ಣಿನ ಜರಡಿ ಹಿಡಿಯುತ್ತೇವೆ. ಜರಡಿಯ ಮೇಲೆ ಉಳಿದ ಕಂದು ತೌಡನ್ನು ಎಸೆಯುತ್ತೇವೆ. ಎಸೆದದ್ದೇ ಸತ್ವ. ಕಲ್ಲು ಕಸ ಹೋಗಲಿ ಅಂತ ಕಾಳನ್ನೇ ಮೊದಲು ಹಸನು ಮಾಡಿ, ಹಿಟ್ಟನ್ನು ದಪ್ಪ ಜರಡಿಯಲ್ಲಿ ಒಮ್ಮೆ ಆಡಿಸಿದರೆ ಸಾಕು.

ಹಾಗಂತ ಸಿಪ್ಪೆ ಬರೀ ದೇವರಲ್ಲ. ಅದರಲ್ಲೇ ಇರುವ ಟ್ಯಾನಿನ್, ಫೈಟೇಟ್ ಅನ್ನುವ ವಸ್ತುಗಳು ಕಬ್ಬಿಣ, ಸುಣ್ಣದಂಶ ಹಿಡಿದುಕೊಂಡು ಬಿಡದೆ ಕೂತಿರುತ್ತವೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಅಂತ ಎಲ್ಲರೂ ಹೇಳುತ್ತಾರೆ. ಅಷ್ಟೂ ಮೈಗೆ ಹತ್ತುವುದಿಲ್ಲ ಅಂತ ಯಾರೂ ಹೇಳುವುದಿಲ್ಲ.

ಮೊಳಕೆ ಇಲ್ಲಿಗೆ ಬರುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಒಂದೆರಡು ದಿನ ಬಿಟ್ಟರೆ ಬಿಳಿ ಮೊಳಕೆ ಇಣುಕುತ್ತದೆ. ಕಾಳು ಏಳಬೇಕಾದರೆ ತಾನು ಕೂಡಿಟ್ಟ ಗಂಟನ್ನು ತಾನೇ ಬಿಚ್ಚಬೇಕು. ಫೈಟೇಟ್ ಇಳಿಯುತ್ತದೆ, ಟ್ಯಾನಿನ್ ಇಳಿಯುತ್ತದೆ, ಖನಿಜ ಸಡಿಲವಾಗುತ್ತದೆ. ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದರೆ ಮಾಲ್ಟ್. ಇದರ ಗಂಜಿ ತೆಳ್ಳಗೆ ಬರುತ್ತದೆ. ಯಾಕೆಂದರೆ ಮೊಳಕೆಯ ಕಿಣ್ವ ಪಿಷ್ಟವನ್ನು ಅರ್ಧ ಜೀರ್ಣ ಮಾಡಿಟ್ಟಿರುತ್ತದೆ. ಕೂಸಿಗೆ ಇದು ವರ. ಅದೇ ಒಂದು ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಕೂಸು ಉಗಿಯುವುದಿಲ್ಲ. ಶುಗರ್ ಇರುವ ಅಜ್ಜಿಗೆ ಇದೇ ಕಷ್ಟ. ಅರ್ಧ ಜೀರ್ಣವಾದ ಪಿಷ್ಟ ರಕ್ತಕ್ಕೆ ಬೇಗ ಇಳಿಯುತ್ತದೆ. ಪಾಲಿಫಿನಾಲ್ ಕೂಡ ಕಡಿಮೆಯಾಗಿರುತ್ತದೆ.

ಅಂದರೆ ಒಂದೇ ಮನೆಯಲ್ಲಿ, ಒಂದೇ ರಾಗಿ, ಎರಡು ಉತ್ತರ. ಮೊಮ್ಮಗನಿಗೆ ಮಾಲ್ಟ್, ಅಜ್ಜಿಗೆ ತೌಡು ಇರುವ ಹಿಟ್ಟಿನ ಗಟ್ಟಿ ಮುದ್ದೆ. ರಕ್ತ ಕಡಿಮೆ ಇರುವ ಹುಡುಗಿಯರಿಗೆ ಮೊಳಕೆ ರಾಗಿಯೇ ಒಳ್ಳೆಯದು, ಊಟದ ಜೊತೆ ನಿಂಬೆಹುಳಿ ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ವಿಟಮಿನ್ ಸಿ ಕಬ್ಬಿಣವನ್ನು ಎಳೆದುಕೊಳ್ಳಲು ನೆರವಾಗುತ್ತದೆ.

ರಾತ್ರಿ ಕಾಸಿಟ್ಟು ಹುಳಿ ಬರಿಸಿದ ಅಂಬಲಿ ಇವೆರಡರ ನಡುವೆ ನಿಲ್ಲುತ್ತದೆ. ಹುಳಿ ಬಂದಾಗಲೂ ಫೈಟೇಟ್ ಇಳಿಯುತ್ತದೆ. ಸಿಪ್ಪೆ ಹೋಗಿರುವುದಿಲ್ಲ. ಖರ್ಚು ಸೊನ್ನೆ. ಬೇಸಿಗೆಯಲ್ಲಿ ಮಜ್ಜಿಗೆ, ಹಸಿ ಈರುಳ್ಳಿ ಜೊತೆ. ನನ್ನನ್ನು ಕೇಳಿದರೆ ಜನ ಅನ್ಯಾಯವಾಗಿ ಮರೆತಿರುವ ಸಾಮಾನು ಇದು. ಅಂಗಡಿಯಲ್ಲಿ ಮಾರಲು ಬರುವುದಿಲ್ಲವಲ್ಲ, ಹೊಗಳುವವರೂ ಇಲ್ಲ.

ಡಬ್ಬದ ಮಾಲ್ಟ್, ರಾಗಿ ಬಿಸ್ಕತ್ತು, ರಾಗಿ ಶಾವಿಗೆ ಇವಕ್ಕೆ ಒಂದೇ ಮಾತು. ಹಿಂದೆ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ರಾಗಿ ಅಂತಿದ್ದರೆ ಅದು ರಾಗಿ ಬಣ್ಣದ ಮೈದಾ ಬಿಸ್ಕತ್ತು.

ಸಾವೆ, ನವಣೆ ಕೇಳಿಕೊಂಡು ಬರುವವರಿಗೂ ಇದೇ ಲೆಕ್ಕ. ಬೆಳ್ಳಗೆ ಹೊಳೆಯುವುದು ತೌಡು ಕಳೆದುಕೊಂಡದ್ದು, ಮಂಕಾಗಿರುವುದು ಉಳಿಸಿಕೊಂಡದ್ದು. ಮಂಕಾದದ್ದು ಬೇಗ ಕಮಟು ಹಿಡಿಯುತ್ತದೆ, ಅದಕ್ಕೇ ಒಂದು ಕೆಜಿ ಮೇಲೆ ತಗೊಳ್ಳಬೇಡಿ. ಹೀಗೆ ಹೇಳಿ ನನ್ನ ವ್ಯಾಪಾರ ನಾನೇ ಕೆಡಿಸಿಕೊಳ್ಳುತ್ತೇನೆ ಅಂತ ನಮ್ಮವರು ಬೈಯುತ್ತಾರೆ.

ಚಹಾ, ಗ್ರೀನ್ ಟೀ, ಕಾಫಿ

ಗ್ರೀನ್ ಟೀ ಬೇರೆ ಗಿಡದ್ದು ಅಂತ ತುಂಬ ಜನ ತಿಳಿದಿದ್ದಾರೆ. ಎಲೆ ಒಂದೇ. ಕಿತ್ತ ಕೂಡಲೇ ಬಿಸಿ ತಾಗಿಸಿ ಎಲೆಯ ಕಿಣ್ವವನ್ನು ಕೊಂದರೆ ಅದು ಹಸಿರಾಗೇ ಉಳಿಯುತ್ತದೆ, ಕ್ಯಾಟೆಚಿನ್ ಅನ್ನುವ ಸತ್ವವೂ ಉಳಿಯುತ್ತದೆ. ಎಲೆಯನ್ನು ಹಿಚುಕಿ, ಹರಿದು, ಗಾಳಿಗೆ ಬಿಟ್ಟರೆ ಕತ್ತರಿಸಿದ ಸೇಬಿನ ಹಾಗೆ ಕಂದಾಗುತ್ತದೆ. ಕ್ಯಾಟೆಚಿನ್ ಹೋಗಿ ಥಿಯಾಫ್ಲಾವಿನ್, ಥಿಯಾರುಬಿಜಿನ್ ಬರುತ್ತವೆ. ನಮ್ಮ ಹರಳು ಹರಳು ಸಿಟಿಸಿ ಚಹಾಪುಡಿಯ ಕೆಂಪು ಇವುಗಳದ್ದೇ. ಅಂದರೆ ಇಲ್ಲಿ ಸತ್ವ ಹಾಳಾಗಲಿಲ್ಲ, ವೇಷ ಬದಲಿಸಿತು.

ಹಾಲು ಹಾಕಿದರೆ ಏನಾಗುತ್ತದೆ? ಹಾಲಿನ ಪ್ರೋಟೀನು ಈ ಪಾಲಿಫಿನಾಲ್‌ಗಳಿಗೆ ಅಂಟಿಕೊಳ್ಳುತ್ತದೆ. ಇದರಿಂದ ಎಷ್ಟು ನಷ್ಟ ಅನ್ನುವುದರಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ. ಹಾಗಾಗಿ ಬರೀ ಅದಕ್ಕಾಗಿ ಹಾಲು ಬಿಡಬೇಡಿ. ಸಕ್ಕರೆ ಬಿಡಿ. ದಿನಕ್ಕೆ ಆರು ಲೋಟ ಕುಡಿಯುವವರಿಗೆ ಅದೇ ದೊಡ್ಡ ಲೆಕ್ಕ.

ಇನ್ನೊಂದು ಮಾತು, ಇದು ಮುಖ್ಯ. ಊಟದ ಜೊತೆ ಚಹಾ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಹತ್ತುವುದು ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ರಕ್ತಹೀನತೆಗೆ ಮಾತ್ರೆ ತಗೊಳ್ಳುವವರು ಚಹಾಕ್ಕೂ ಊಟಕ್ಕೂ ಒಂದು ಗಂಟೆ ಅಂತರ ಇಡಿ. ಗ್ರೀನ್ ಟೀಗೂ ಇದೇ ಮಾತು.

ಕಾಫಿಯಲ್ಲಿ ಕ್ಲೋರೊಜೆನಿಕ್ ಆಮ್ಲ ಅನ್ನುವುದು ಮುಖ್ಯ ಸತ್ವ. ಹುರಿದಷ್ಟೂ ಅದು ಕರಗುತ್ತದೆ. ಕಪ್ಪಗೆ ಹುರಿದ ಪುಡಿಗಿಂತ ಹದವಾಗಿ ಹುರಿದದ್ದರಲ್ಲಿ ಜಾಸ್ತಿ. ಚಿಕೋರಿ ಬೆರೆಸಿದಷ್ಟೂ ಕಾಫಿಯ ಪಾಲು ಕಡಿಮೆ. ಅಷ್ಟೇ.

ಯಾರಿಗೆ ಯಾವುದು? ಹಾಲು ಸಕ್ಕರೆ ಇಲ್ಲದೆ ಕುಡಿಯಲು ಬಂದರೆ ಗ್ರೀನ್ ಟೀಗೆ ದುಡ್ಡು ಹಾಕಿ. ಜೇನು ಸುರಿದೇ ಕುಡಿಯುವುದಾದರೆ ಸುಮ್ನೆ ಕೆಂಪು ಚಹಾ ಕುಡಿಯಿರಿ, ಜೇಬಿಗೆ ಹಗುರ.

ಒಲೆಯ ಮೇಲೆ, ಬೇಗ ಬೇಗ

ಈರುಳ್ಳಿ ಚಿತ್ರದುರ್ಗ ಜಿಲ್ಲೆಯಿಂದ ಲಾರಿಗಟ್ಟಲೆ ಬರುವ ಬೆಳೆ. ಕ್ವೆರ್ಸೆಟಿನ್ ಅದರ ಹೊರ ಪದರಗಳಲ್ಲಿ ಜಾಸ್ತಿ, ಬಿಳಿಗಿಂತ ಕೆಂಪಿನಲ್ಲಿ ಜಾಸ್ತಿ. ಒಣ ಸಿಪ್ಪೆಯ ಜೊತೆ ಒಂದು ರಸಭರಿತ ಪದರವನ್ನೂ ಕಿತ್ತು ಎಸೆಯುವ ಅಭ್ಯಾಸ ಬಿಡಿ. ಕುದಿಸಿದರೆ ಸತ್ವ ನೀರಿಗಿಳಿಯುತ್ತದೆ, ಸಾರಾದರೆ ಅದನ್ನೂ ಕುಡಿಯುತ್ತೀರಿ. ಹೊಂಬಣ್ಣ ಬರುವ ತನಕ ಬಾಡಿಸಿದರೆ ಹೆಚ್ಚು ನಷ್ಟವಿಲ್ಲ, ಕರಕಲು ಮಾಡಿದರೆ ಇದೆ.

ಬೆಳ್ಳುಳ್ಳಿ ಜಜ್ಜಿದ ಮೇಲೆ ಹತ್ತು ನಿಮಿಷ ಬಿಡಿ. ಅದರ ಘಾಟಿನ ಸತ್ವ ಎಸಳೊಳಗೆ ಮೊದಲೇ ತಯಾರಾಗಿ ಇರುವುದಿಲ್ಲ. ಜಜ್ಜಿದಾಗ ಎರಡು ವಸ್ತು ಸೇರಿ ಹುಟ್ಟುತ್ತದೆ. ಇಡೀ ಎಸಳನ್ನೇ ಬಿಸಿ ಎಣ್ಣೆಗೆ ಹಾಕಿದರೆ ಹುಟ್ಟುವ ಮೊದಲೇ ಸತ್ತಂತೆ.

ಟೊಮೆಟೊ ಎಣ್ಣೆಯಲ್ಲಿ ಬೇಯಿಸಿದರೆ ಅದರ ಕೆಂಪಾದ ಲೈಕೊಪಿನ್ ಚೆನ್ನಾಗಿ ಹತ್ತುತ್ತದೆ, ವಿಟಮಿನ್ ಸಿ ಹೋಗುತ್ತದೆ. ಗೊಜ್ಜೂ ಮಾಡಿ, ಕೋಸಂಬರಿಗೂ ಹಾಕಿ.

ಸೊಪ್ಪು, ಕಾಳಿಗೆ ಬಸ್ಸಾರಿಗಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ. ಬೇಯಿಸಿದ ನೀರನ್ನು ಬಸಿದು ಅದರಲ್ಲೇ ಸಾರು, ಉಳಿದದ್ದರಲ್ಲಿ ಪಲ್ಯ. ಬಚ್ಚಲಿಗೆ ಒಂದು ಹನಿ ಹೋಗುವುದಿಲ್ಲ. ನುಗ್ಗೆ ಸೊಪ್ಪಿನ ಪುಡಿ ಕೇಳುವವರಿಗೆ ಹೇಳುವುದು: ನಿಮ್ಮ ಬೀದಿಯಲ್ಲಿ ನುಗ್ಗೆ ಮರ ಇದ್ದರೆ ಪುಡಿ ಯಾಕೆ? ಮಾಡಿಟ್ಟುಕೊಳ್ಳುವುದೇ ಆದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಸಿರು ಮಾಸಿತು ಅಂದರೆ ಕ್ಯಾರೊಟಿನ್ನೂ ಮಾಸಿತು.

ಅರಿಶಿನದ ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಬೇಯಿಸಿದಾಗ ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ನೂರಕ್ಕೆ 27ರಿಂದ 53 ಭಾಗ ಹೋಯಿತು. ಕುಕ್ಕರಿನಲ್ಲಿ ಹತ್ತು ನಿಮಿಷ ಇಟ್ಟಾಗ ಅತಿ ಹೆಚ್ಚು. ಆದರೆ ಹುಣಸೆಹಣ್ಣು ಜೊತೆಗಿದ್ದಾಗ ನಷ್ಟ 12ರಿಂದ 30ಕ್ಕೆ ಇಳಿಯಿತು. ನಮ್ಮ ಹುಳಿ ಸಾರಿಗೆ ಇಷ್ಟು ಸಾಕಲ್ವಾ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದ್ದು ಇನ್ನೊಂದು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಸತ್ವ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಅಡುಗೆಯಲ್ಲಿ ನಾವು ಹಾಕುವುದು ಚಿಟಿಕೆ, ಆ ಪರೀಕ್ಷೆಯದ್ದು ಗ್ರಾಂ ಲೆಕ್ಕ. ಆದರೂ ಸಾರಿಗೆ ನಾಲ್ಕು ಮೆಣಸು ಜಾಸ್ತಿ ಹಾಕಿದರೆ ನಷ್ಟವೇನಿಲ್ಲ. ಕರ್ಕ್ಯುಮಿನ್ ಗುಳಿಗೆಗೆ ದುಡ್ಡು ಸುರಿಯುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ.

ದಾಳಿಂಬೆ: ಹಣ್ಣೋ, ಜ್ಯೂಸೋ?

ಹಿರಿಯೂರು, ಹೊಸದುರ್ಗದ ಕಡೆ ದಾಳಿಂಬೆ ತೋಟಗಳಿವೆ. ಸೀಸನ್ನಿನಲ್ಲಿ ಹಣ್ಣು ಒಂದು ರೇಟಿಗೆ ಸಿಗುತ್ತದೆ. ಇಲ್ಲಿ ಒಂದು ವಿಚಿತ್ರ ಇದೆ. ದಾಳಿಂಬೆಯ ಮುಖ್ಯ ಸತ್ವ ಪ್ಯುನಿಕಲಾಜಿನ್ ಇರುವುದು ನಾವು ಎಸೆಯುವ ದಪ್ಪ ಸಿಪ್ಪೆಯಲ್ಲಿ. ಕಾರ್ಖಾನೆಯಲ್ಲಿ ಇಡೀ ಹಣ್ಣನ್ನು ಹಿಂಡಿದರೆ ಸಿಪ್ಪೆಯ ಸತ್ವವೂ ರಸಕ್ಕೆ ಇಳಿಯುತ್ತದೆ. ಮನೆಯಲ್ಲಿ ಕಾಳು ಬಿಡಿಸಿ ಮಾಡಿದ ಜ್ಯೂಸಿಗಿಂತ ಅದರಲ್ಲಿ ಜಾಸ್ತಿ ಇರಬಹುದು. ಆದರೆ ಹಾಗೆ ಹಿಂಡಿದ್ದು, ನೂರಕ್ಕೆ ನೂರು ದಾಳಿಂಬೆಯದ್ದು, ದುಬಾರಿ. ಕಡಿಮೆ ರೇಟಿನ ಡಬ್ಬಿಯಲ್ಲಿ ಎಷ್ಟೋ ಸಲ ಸೇಬಿನ ರಸ, ಸಕ್ಕರೆ ಸೇರಿರುತ್ತದೆ. ಜ್ಯೂಸಿನಲ್ಲಿ ನಾರು ಇಲ್ಲ, ಎರಡು ಹಣ್ಣಿನ ಸಕ್ಕರೆ ಒಂದೇ ಗುಟುಕಿಗೆ ಇಳಿಯುತ್ತದೆ. ಶುಗರ್ ಇರುವವರು ಕಾಳು ಅಗಿದು ತಿನ್ನಿ, ಅದೂ ಒಂದು ಬಟ್ಟಲು. ಉಳಿದವರು ಎರಡರಲ್ಲಿ ಯಾವುದಾದರೂ.

ಟೀಚರಮ್ಮನ ಚೀಲ

ಇಷ್ಟೆಲ್ಲ ಕೇಳಿದ ಮೇಲೆ ಟೀಚರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಮನೆಯಲ್ಲಿ ಐದು ಜನ. ಹಬ್ಬಕ್ಕೆ ಕರಿದದ್ದು, ದಿನಾ ಒಗ್ಗರಣೆ. ಮೊಮ್ಮಗನಿಗೆ ಒಂದೂವರೆ ವರ್ಷ. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಪುರುಸೊತ್ತಿಲ್ಲ. ಪುರುಸೊತ್ತು ಇರುವುದು ಇವರಿಗೆ.

ಗಾಣದ ಎಣ್ಣೆ ಅರ್ಧ ಲೀಟರ್ ತಗೊಂಡರು. ಅಳೆದು ಹಾಕುವ ಮೊದಲು ಡಬ್ಬದ ಹತ್ತಿರ ಬಗ್ಗಿ ಮೂಸಿ ನೋಡಿದರು, ನಾನೇ ಹೇಳಿಕೊಟ್ಟದ್ದು. ಪ್ಯಾಕೆಟ್ ಎಣ್ಣೆ ಒಂದು ಲೀಟರ್. ರಾಗಿ ಕಾಳು ಮೂರು ಕೆಜಿ. ಕೆಂಪು ಸಿಪ್ಪೆಯ ಶೇಂಗಾ ಅರ್ಧ ಕೆಜಿ. ಡಬ್ಬದ ಮಾಲ್ಟನ್ನು ಹಿಂದೆ ತಿರುಗಿಸಿ ಓದಿ, ಇದ್ದ ಜಾಗಕ್ಕೇ ಇಟ್ಟರು.

"ಸೊಸೆಗೆ ಏನ್ ಹೇಳ್ತೀರಿ ಟೀಚರಮ್ಮಾ?" ಅಂದೆ.

"ಹೇಳೋದೇನು? ಎರಡು ಕೆಜಿ ಹಿಟ್ಟಿಗೆ, ಒಂದು ಕೆಜಿ ಮೊಳಕೆಗೆ. ಮೊಳಕೆ ನಾನ್ ಕಟ್ತೀನಿ, ಗಿರಣಿಗೆ ಅವ್ಳು ಹೋಗ್ಲಿ" ಅಂದರು. ಬಾಗಿಲ ತನಕ ಹೋದವರು ಮತ್ತೆ ತಿರುಗಿ ಬಂದು, ಹಳೇ ಬಿಳಿ ಪಂಚೆ ಆದರೆ ಆಗುತ್ತಾ, ಹೊಸ ಬಟ್ಟೆಯೇ ಬೇಕಾ ಅಂತ ಕೇಳಿದರು. ತೊಳೆದ ಪಂಚೆ ಸಾಕು ಅಂದೆ.